ಹಾರ ಹಾಕಲು ಒಂದು ಫೋಟೋ: ಮಾಟುಂಗಾದ ಹಳೇ ಸ್ಟುಡಿಯೋಗೆ ಹೋಗಿಬಂದ ಕಥೆ

ಮೊದಲೇ ಹೇಳಿಬಿಡುತ್ತೇನೆ, ಸ್ಟುಡಿಯೋ ಹೆಸರು ಇಲ್ಲಿ ಹಾಕುತ್ತಿಲ್ಲ. ಮಾಲೀಕರೇ ಬೇಡ ಅಂದರು. "ಹೆಸರು ಬರೆದರೆ ರೀಲ್ ಮಾಡುವವರು ಬರ್ತಾರಮ್ಮ. ಹಳೇ ಕ್ಯಾಮೆರಾ ಪಕ್ಕ ನಿಂತು ವಿಡಿಯೋ ತೆಗೆದುಕೊಂಡು, ಒಂದು ಪಾಸ್‌ಪೋರ್ಟ್ ಫೋಟೋ ಕೂಡ ತೆಗೆಸದೆ ಹೋಗ್ತಾರೆ." ಒಂದು ಸಲ ಹಾಗೆ ಆಗಿದೆಯಂತೆ. ಮಾಟುಂಗಾ ಪೂರ್ವದಲ್ಲಿ ಸ್ಟೇಷನ್ನಿನಿಂದ ಹೊರಗೆ ಬಂದು, ಹೂವಿನ ಅಂಗಡಿಗಳನ್ನು ದಾಟಿ ಕಿಂಗ್ಸ್ ಸರ್ಕಲ್ ಕಡೆ ನಡೆಯುವಾಗ ಒಂದು ಅಡ್ಡ ಗಲ್ಲಿಯಲ್ಲಿದೆ. ನಮ್ಮವರಿಗೆ ಇಷ್ಟು ಗುರುತು ಸಾಕು. ಮಾಟುಂಗಾಕ್ಕೆ ಇಡ್ಲಿ ತಿನ್ನಲು ಹೋಗದ ಮುಂಬೈ ಕನ್ನಡಿಗರು ಯಾರಿದ್ದಾರೆ ಹೇಳಿ.

ನಾನು ಅಲ್ಲಿಗೆ ಹೋಗಿದ್ದು ಅಜ್ಜಿ ತೀರಿಕೊಂಡ ಮೇಲೆ. ಕಳೆದ ಜೂನ್, ಮಳೆ ಹಿಡಿದ ವಾರ. ವೈಕುಂಠ ಸಮಾರಾಧನೆಯ ದಿನ ಹಾರ ಹಾಕಿ ಇಡಲು ಒಂದು ಫೋಟೋ ಬೇಕಿತ್ತು. ಅಷ್ಟೇ.

ಅಜ್ಜಿಗೆ 88. ಕಳೆದ ಹತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಫೋಟೋ ತೆಗೆಸಿಕೊಂಡವಳು ಅವಳೇ. ಯಾರ ಬರ್ತ್‌ಡೇ ಇರಲಿ, ಯಾವ ಹಬ್ಬ ಇರಲಿ, ಮೊಮ್ಮಕ್ಕಳೆಲ್ಲ ಅವಳ ಕುತ್ತಿಗೆಗೆ ಜೋತುಬಿದ್ದು ಒಂದು ಸೆಲ್ಫಿ ಆಗಲೇಬೇಕು. ತಮ್ಮನ ಫೋನ್ ಒಂದರಲ್ಲೇ 14,000 ಫೋಟೋ ಇವೆ. ಹಾಗಾಗಿ ಹುಡುಕುವುದು ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆವು. ರಾತ್ರಿ ಊಟ ಆದಮೇಲೆ ಡೊಂಬಿವಲಿ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಎಲ್ಲರೂ ತಂತಮ್ಮ ಫೋನ್ ತೆಗೆದು ಕೂತೆವು. ಎರಡು ಗಂಟೆ ಕಳೆದರೂ ಒಂದೇ ಒಂದು ಸಿಗಲಿಲ್ಲ.

ಸಿಕ್ಕಿದ್ದೆಲ್ಲ ಏನು ಅಂದರೆ, ಮೂಗಿನ ಮೇಲೆ ಕೇಕ್ ಮೆತ್ತಿಸಿಕೊಂಡ ಅಜ್ಜಿ, ನಾಯಿ ಕಿವಿಯ ಫಿಲ್ಟರ್ ಹಾಕಿದ ಅಜ್ಜಿ, ಸೆಲ್ಫಿಯ ಮೂಲೆಯಲ್ಲಿ ಅರ್ಧ ಹಣೆ ಮತ್ತು ಒಂದು ಕಣ್ಣು ಮಾತ್ರ ಉಳಿದ ಅಜ್ಜಿ. ಗಣಪತಿ ಮುಂದೆ ಕೂತಿದ್ದು ಒಂದು ಚೆನ್ನಾಗಿಯೇ ಇತ್ತು, ಆದರೆ ಕಣ್ಣು ಟಿವಿ ಕಡೆಗಿತ್ತು. ಇನ್ನೊಂದು ಸೆಲ್ಫಿ ನಿಜವಾಗಿ ಒಳ್ಳೆಯದಿತ್ತು, ಮುಖ ನೇರ, ನಗು ಹದವಾಗಿ. ಎಲ್ಲರೂ ಇದೇ ಆಗಲಿ ಅಂದರು. ಅಮ್ಮ ಕನ್ನಡಕ ಹಾಕಿ ದೊಡ್ಡದು ಮಾಡಿ ನೋಡಿ, "ಅತ್ತೆಯ ಮೂಗುಬೊಟ್ಟು ಎಲ್ಲಿ?" ಅಂದಳು. ಫೋನಿನಲ್ಲಿ ಬ್ಯೂಟಿ ಮೋಡ್ ಆನ್ ಇತ್ತು. ಸುಕ್ಕು, ಕಲೆ ಎಲ್ಲ ಒರೆಸುವ ಭರದಲ್ಲಿ ಅದು ಎಪ್ಪತ್ತು ವರ್ಷದಿಂದ ಅಜ್ಜಿಯ ಮೂಗಿನ ಮೇಲಿದ್ದ ಹರಳನ್ನೂ ಕಲೆ ಅಂತಲೇ ತಿಳಿದು ಒರೆಸಿ ಹಾಕಿತ್ತು.

ಚಿಕ್ಕಪ್ಪನ ಮಗ ಸುಮ್ಮನಿರದೆ ಇನ್ನೊಂದು ಮಸುಕು ಫೋಟೋವನ್ನು ಯಾವುದೋ ಎಐ ಆ್ಯಪ್‌ಗೆ ಹಾಕಿ ಸರಿಮಾಡಿಸಿದ. ಬಂದ ಚಿತ್ರ ಫಳಫಳ ಹೊಳೆಯುತ್ತಿತ್ತು. ಅಜ್ಜಿಗೆ ಸಾಲಾಗಿ ಬಿಳೀ ಹಲ್ಲು ಬಂದಿದ್ದವು. ಕೊನೇ ಹನ್ನೆರಡು ವರ್ಷ ಆ ಬಾಯಲ್ಲಿ ಇದ್ದದ್ದು ನಾಲ್ಕೇ ಹಲ್ಲು. ಸೂತಕದ ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಕ್ಕಮೇಲೆ ಅಪ್ಪ ಒಬ್ಬರೇ ಬಾಲ್ಕನಿಗೆ ಹೋಗಿ ನಿಂತರು.

ಆಗ ಅಮ್ಮನಿಗೆ ಈ ಸ್ಟುಡಿಯೋ ನೆನಪಾಯಿತು. ಮೊದಲು ನಾವು ಸಯನ್‌ನಲ್ಲಿ ಬಾಡಿಗೆಗೆ ಇದ್ದೆವು. ನನ್ನ ಎಸ್‌ಎಸ್‌ಸಿ ಫಾರ್ಮಿನ ಫೋಟೋ, ತಮ್ಮನ ಉಪನಯನದ ರೋಲ್ ತೊಳೆಸಿದ್ದು, ಎಲ್ಲ ಅಲ್ಲೇ. ಇನ್ನೂ ಇದೆಯೋ ಮುಚ್ಚಿದೆಯೋ ಗೊತ್ತಿರಲಿಲ್ಲ. ಮರುದಿನ ಆಫೀಸಿಗೆ ಹೋಗುವ ದಾರಿಯಲ್ಲಿ ಇಳಿದು ನೋಡಿದೆ. ಇತ್ತು.

ಅಂಗಡಿ ಬಗ್ಗೆ ಎರಡು ಮಾತು. ಮುಂದೆ ಒಂದು ಕೌಂಟರ್, ಒಂದು ಕಂಪ್ಯೂಟರ್, ಗೋಡೆ ತುಂಬ ಫ್ರೇಮಿನ ಸ್ಯಾಂಪಲ್. ಹಿಂದೆ ಪರದೆ ಸರಿಸಿದರೆ ಸ್ಟೂಲ್, ಬೂದು ಬಣ್ಣದ ಬಟ್ಟೆ, ಎರಡು ಛತ್ರಿ ಲೈಟು. ಎಸಿ ಇದೆ, ಫೋಟೋ ತೆಗೆಯುವಾಗ ಮಾತ್ರ ಹಾಕುತ್ತಾರೆ. ಮಾಲೀಕರು ಹೊನ್ನಾವರ ಕಡೆಯವರು, ಅರವತ್ತು ದಾಟಿದೆ, ಮಾತು ಬಹಳ. ಗಿರಾಕಿ ಮರಾಠಿಯಲ್ಲಿ ಮಾತಾಡಿದರೆ ಮರಾಠಿ, ತಮಿಳಾದರೆ ತಮಿಳು, ನಮ್ಮನ್ನು ಕಂಡರೆ ಅಪ್ಪಟ ಉತ್ತರ ಕನ್ನಡ ಜಿಲ್ಲೆಯ ಮಾತು.

ನಾನು ಪೆನ್ ಡ್ರೈವ್ ಕೊಟ್ಟೆ. ಅದರಲ್ಲಿ ನಾವು ಆರಿಸಿದ ಒಂಬತ್ತು ಫೋಟೋ ಇದ್ದವು. ಅವರ ಮೊದಲ ಪ್ರಶ್ನೆ, "ಇದು ವಾಟ್ಸಾಪಿಂದ ಬಂದದ್ದಾ?" ಒಂಬತ್ತರಲ್ಲಿ ಏಳು ಹೌದು. ಒಂದನ್ನು ತೆರೆದು ತೋರಿಸಿದರು. ಅಗಲ 1280 ಪಿಕ್ಸೆಲ್, ಅಂದರೆ ಅಷ್ಟು ಚುಕ್ಕಿ, ಎತ್ತರ 960. ಅದೂ ಹತ್ತು ಜನ ಇರುವ ಗ್ರೂಪ್ ಫೋಟೋ, ಅಜ್ಜಿಯ ಮುಖ ಕತ್ತರಿಸಿದರೆ 120 ಪಿಕ್ಸೆಲ್ ಕೂಡ ಇಲ್ಲ. ನಾವು ಕೇಳಿದ್ದು 12 ಇಂಚು ಅಗಲ 15 ಇಂಚು ಎತ್ತರದ ಪ್ರಿಂಟ್. ಇಂಚಿಗೆ 300 ಚುಕ್ಕಿ ಲೆಕ್ಕ ಹಾಕಿದರೆ 3600ಕ್ಕೆ 4500 ಬೇಕು. "ಒಂದು ಚಮಚ ಹಿಟ್ಟಲ್ಲಿ ಕಾವಲಿ ತುಂಬ ದೋಸೆ ಹೊಯ್ಯಿ ಅಂದ್ರೆ ಹೇಗಮ್ಮ?" ಅಂದರು. ಫೋನಿನ ಕ್ಯಾಮೆರಾ ಕೆಟ್ಟದು ಅಂತ ಅವರು ಒಂದು ಸಲವೂ ಹೇಳಲಿಲ್ಲ. ಮೂಲ ಫೈಲ್ ಇದ್ದಿದ್ದರೆ ಈ ಕಾಲದ ಒಳ್ಳೇ ಫೋನಿನದು ಆ ಅಳತೆಗೆ ನಡೆಯುತ್ತಿತ್ತಂತೆ. ಆದರೆ ನಾವು ತೆಗೆದ ಫೋಟೋವನ್ನು ಗ್ರೂಪಿಗೆ ಹಾಕುತ್ತೇವೆ, ಜಾಗ ತುಂಬಿತು ಅಂತ ಫೋನಿನಿಂದ ಅಳಿಸುತ್ತೇವೆ, ಮತ್ತೆ ಬೇಕಾದಾಗ ಗ್ರೂಪಿನಿಂದ ಎತ್ತಿಕೊಳ್ಳುತ್ತೇವೆ. ವಾಟ್ಸಾಪ್ ಕಳಿಸುವಾಗಲೇ ಅದನ್ನು ಹಿಂಡಿ ಚಿಕ್ಕದು ಮಾಡಿರುತ್ತದೆ. 2023ರಲ್ಲಿ ಎಚ್‌ಡಿ ಅಂತ ಒಂದು ಆಯ್ಕೆ ಕೊಟ್ಟರು, ಅದನ್ನು ಒತ್ತಿ ಕಳಿಸುವವರು ನಮ್ಮ ಮನೆಯಲ್ಲಂತೂ ಇಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೆ ಹೋಗುತ್ತದೆ, ಅದು ನನಗೂ ಅವತ್ತೇ ಗೊತ್ತಾಗಿದ್ದು.

ಕೊನೆಗೆ ಅವರೇ ಕೇಳಿದರು, "ರೋಲ್ ಕಾಲದ್ದು ಏನಾದರೂ ಇದೆಯಾ?" ಇತ್ತು. ತಮ್ಮನ ಉಪನಯನ, 2003. ಇವರೇ ತೊಳೆದು ಕೊಟ್ಟ 4ಕ್ಕೆ 6 ಇಂಚಿನ ಪ್ರಿಂಟ್. ಅಜ್ಜಿ ಒಬ್ಬಳೇ ಕುರ್ಚಿಯಲ್ಲಿ ಕೂತಿದ್ದಾಳೆ, ಹಸಿರು ಸೀರೆ, ಮೂಗುಬೊಟ್ಟು ಮಿಂಚುತ್ತಿದೆ, ಕ್ಯಾಮೆರಾದತ್ತಲೇ ನೋಡುತ್ತಿದ್ದಾಳೆ. ಒಂದು ರೋಲಿನಲ್ಲಿ 36 ಫೋಟೋ ಮಾತ್ರ ಇದ್ದ ಕಾಲ, ಪ್ರತಿ ಕ್ಲಿಕ್ಕಿಗೂ ದುಡ್ಡು, ಹಾಗಾಗಿ ತೆಗೆಯುವವರು "ಅಜ್ಜಿ, ಇಲ್ಲಿ ನೋಡಿ" ಅಂದು, ಅವಳು ನೋಡುವ ತನಕ ಕಾದು ಒತ್ತಿದ್ದರು. ಆ ಕಾಯುವುದೇ 14,000 ಫೋಟೋದಲ್ಲಿ ಇರಲಿಲ್ಲ.

ಸ್ಕ್ಯಾನ್ ಮಾಡಿ, ಹಳದಿ ತಿರುಗಿದ ಬಣ್ಣ ಸರಿಮಾಡಿ, ಗೀರುಗಳನ್ನು ಒಂದೊಂದಾಗಿ ತೆಗೆದು, ಮೂರನೇ ದಿನ ಕೊಟ್ಟರು. ಕೆಲಸಕ್ಕೆ 600, ಪ್ರಿಂಟಿಗೆ 350, ಫ್ರೇಮಿಗೆ 750. ಎಐ ಹಾಕಿದ್ದೀರಾ ಅಂತ ಕೇಳಿದೆ. ಗೀರು ತೆಗೆಯಲು ಬಳಸುತ್ತೇನೆ, ಮುಖ ಮುಟ್ಟಲು ಬಿಡುವುದಿಲ್ಲ ಅಂದರು. ಫೋಟೋ ನೋಡಿ ಅತ್ತೆಯೊಬ್ಬರು "ಇದು ಬಹಳ ಚಿಕ್ಕ ವಯಸ್ಸಿನದ್ದಾಯಿತು, ಅವ್ವ ಈಗ ಹೀಗಿರಲಿಲ್ಲ" ಅಂತ ಗೊಣಗಿದರು. ನಿಜ. ಆದರೆ ಈಗಿನದು ಇರಲೇ ಇಲ್ಲವಲ್ಲ.

ಈ ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಮತ್ತೆ ಹೋದೆ. ಯಾಕೆ ಅಂತ ಬಾಯಿ ಬಿಟ್ಟು ಹೇಳಲು ಆಗಲಿಲ್ಲ. "ಇಬ್ಬರದ್ದೂ ಒಂದು ಒಳ್ಳೇ ಫೋಟೋ ಇರಲಿ" ಅಂದೆ. ಅಪ್ಪನಿಗೆ ತಕ್ಷಣ ತಿಳಿಯಿತು. "ಹಾರದ ಅಳತೆ ಈಗಲೇ ತಗೊಳ್ತೀಯಾ?" ಅಂದರು. ಅಮ್ಮ "ಬಿಡ್ತು ಅನ್ನಿ" ಅಂತ ಬೈದಳು. ಇದನ್ನು ಸ್ಟುಡಿಯೋದವರಿಗೆ ಹೇಳಿದರೆ ಅವರು ನಗಲಿಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಬರುವ ಮಕ್ಕಳೆಲ್ಲ ಪಾಸ್‌ಪೋರ್ಟ್ ಫೋಟೋ ಅಂತ ಹೇಳಿಕೊಂಡೇ ಬರುತ್ತಾರಂತೆ. ಎಂಬತ್ತು ವರ್ಷದವರಿಗೆ ಯಾವ ಪಾಸ್‌ಪೋರ್ಟ್ ಅಂತ ಇವರು ಕೇಳುವುದಿಲ್ಲ. ಪಾಸ್‌ಪೋರ್ಟ್ ಸೈಜ್ ಎಂಟು ಕಾಪಿ ಕೊಟ್ಟು, ಜೊತೆಗೆ ಸುಮ್ನೆ ಅನ್ನುವ ಹಾಗೆ ಒಂದು ದೊಡ್ಡದನ್ನೂ ತೆಗೆದು ಇಟ್ಟುಕೊಂಡಿರುತ್ತಾರೆ. ಕೆಲವರು ವರ್ಷದ ಮೇಲೆ ಬಂದು ಕೇಳುತ್ತಾರೆ.

ಡೊಂಬಿವಲಿಯಿಂದ ವಯಸ್ಸಾದವರನ್ನು ಕರೆತರುವುದು ಸುಲಭವಲ್ಲ. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ, ದಾದರಿಗೆ ಹೋಗಿ ಸ್ಲೋ ಹಿಡಿದು ಒಂದು ಸ್ಟೇಷನ್ ಹಿಂದೆ ಬರಬೇಕು. ಮಧ್ಯಾಹ್ನ 12ರ ಗಾಡಿಯಲ್ಲಿ ಬಂದೆವು. ಅಮ್ಮನ ರೇಷ್ಮೆ ಸೀರೆ ನನ್ನ ಬ್ಯಾಗಿನಲ್ಲಿ.

ಫೋಟೋ ತೆಗೆದ ರೀತಿ ಹೇಳಬೇಕು, ದುಡ್ಡು ಕೊಟ್ಟಿದ್ದು ಅದಕ್ಕೇ. ಮೊದಲು ಹದಿನೈದು ನಿಮಿಷ ಏನೂ ಮಾಡಲಿಲ್ಲ. ಟೀ ತರಿಸಿದರು, ಬೆವರು ಆರಲಿ ಅಂದರು. ಆಮೇಲೆ ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ ತಾವು ಎಂಟು ಅಡಿ ದೂರ ಹೋಗಿ ನಿಂತರು. 85 ಎಂಎಂ ಲೆನ್ಸ್, ದೂರ ನಿಂತು ಮುಖ ತೆಗೆಯುವಂಥದ್ದು. ಅಷ್ಟು ದೂರ ಯಾಕೆ ಅಂದೆ. ಹತ್ತಿರದಿಂದ ತೆಗೆದರೆ ಮುಖದಲ್ಲಿ ಮುಂದೆ ಇರುವುದು ದೊಡ್ಡದಾಗಿ, ಹಿಂದೆ ಇರುವುದು ಚಿಕ್ಕದಾಗಿ ಕಾಣುತ್ತದೆ. ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಇದು ಸುಮ್ಮನೆ ಹೇಳುವ ಮಾತಲ್ಲ. 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದರು, 5 ಅಡಿಯಿಂದ ತೆಗೆದದ್ದಕ್ಕೆ ಹೋಲಿಸಿದರೆ 12 ಇಂಚಿನಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ ಅಂತ. ಸೆಲ್ಫಿ ನೋಡಿಕೊಂಡು ಮೂಗು ಚಿಕ್ಕದು ಮಾಡಿಸಲು ಜನ ಬರತೊಡಗಿದ್ದರಿಂದ ಮಾಡಿದ ಲೆಕ್ಕ ಅದು. ನಮ್ಮ ಅಪ್ಪನ ಮೂಗಿಗೆ ಆ ಸಹಾಯ ಬೇಕಿಲ್ಲ, ಮೊದಲೇ ಸಾಕಷ್ಟಿದೆ.

ಕ್ಯಾಮೆರಾ ಕಂಡ ಕೂಡಲೇ ಅಪ್ಪ ಸರ್ಕಾರಿ ಕಚೇರಿಯ ಗೋಡೆಯಲ್ಲಿ ನೇತುಹಾಕಿದವರ ಹಾಗೆ ಆಗಿಬಿಡುತ್ತಾರೆ. ಗದ್ದ ಮೇಲೆ, ತುಟಿ ಬಿಗಿ. ಇವರು "ನಗಿ" ಅಂತ ಹೇಳಲೇ ಇಲ್ಲ. ಲೈಟು ಸರಿಸುತ್ತಾ "ಊರಲ್ಲಿ ಅಡಿಕೆಗೆ ಕೊಳೆ ಬಂದಿದೆಯಂತಲ್ಲ ಮಾರಾಯ್ರೆ, ಈ ವರ್ಷ ಔಷಧ ಎಷ್ಟು ಸಲ ಹೊಡೆಸಿದ್ರಿ?" ಅಂದರು. ಅಷ್ಟೇ ಸಾಕಾಯಿತು. ಅಪ್ಪ ಮುಂಬೈಗೆ ಬಂದು ನಲವತ್ತು ವರ್ಷವಾದರೂ ತೋಟದ ಮಾತು ಬಂದರೆ ಕೈ ಕುಣಿಸಿಕೊಂಡು ಹೇಳುತ್ತಾರೆ. ಆ ಮಾತಿನ ನಡುವೆ ನಾಲ್ಕು ಸಲ ಕ್ಲಿಕ್ ಆಯಿತು. ಅಪ್ಪನಿಗೆ ಗೊತ್ತಾಗಲೂ ಇಲ್ಲ.

ಅಮ್ಮನದು ಬೇರೆ ಸಮಸ್ಯೆ. ಫ್ಲ್ಯಾಶ್ ಹೊಡೆದರೆ ಕಣ್ಣು ಮುಚ್ಚುತ್ತಾಳೆ, ಪ್ರತಿ ಸಲ. "ಕಣ್ಣು ಮುಚ್ಚಿಯೇ ಕೂತಿರಿ ಅಕ್ಕ, ನಾನು ಮೂರು ಅಂದಾಗ ತೆರೆಯಿರಿ" ಅಂದರು. ತೆರೆದ ಗಳಿಗೆಯಲ್ಲಿ ಕ್ಲಿಕ್. ಆಗ ರೆಪ್ಪೆ ಬಡಿಯುವುದಿಲ್ಲವಂತೆ. ಕನ್ನಡಕದ ಗಾಜಿನಲ್ಲಿ ಲೈಟು ಹೊಳೆಯುತ್ತಿತ್ತು. ಕನ್ನಡಕ ತೆಗೆಯಿರಿ ಅನ್ನಲಿಲ್ಲ. ಕಿವಿಯ ಮೇಲಿನ ಕಡ್ಡಿಯನ್ನು ಕೂದಲೆಳೆಯಷ್ಟು ಮೇಲೆತ್ತಿದರು, ಗಾಜು ಸ್ವಲ್ಪ ಕೆಳಗೆ ಬಾಗಿತು, ಹೊಳಪು ಹೋಯಿತು. ಇಬ್ಬರನ್ನೂ ಸೇರಿಸಿ ಅವರು ಒಟ್ಟು ತೆಗೆದದ್ದು 22 ಫೋಟೋ. ನನ್ನ ಫೋನಿನಲ್ಲಿ ಅದೇ ಹೊತ್ತಿಗೆ ನಾನು ತೆಗೆದದ್ದು 61.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ, ಮೋಸ ಮಾಡುವುದಿಲ್ಲ. ಫೋನ್ ಪರದೆಯಲ್ಲಿ ನೋಡಿದರೆ ನನ್ನ ಫೋನಿನದೇ ಚಂದ. ಬಣ್ಣ ಗಾಢ, ಎಲ್ಲ ಬೆಳ್ಳಗೆ. ಈಗಿನ ಫೋನುಗಳು ಒಂದು ಸಲ ಒತ್ತಿದರೆ ಹಲವು ಫೋಟೋ ತೆಗೆದು ಸೇರಿಸಿ, ನೆರಳು ಎತ್ತಿ, ಬೆಳಕು ಇಳಿಸಿ ಕೊಡುತ್ತವೆ. ಒಳಗಿನ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಉಗುರಿನಷ್ಟು. ದೊಡ್ಡ ಕ್ಯಾಮೆರಾದ ಫುಲ್ ಫ್ರೇಮ್ ಸೆನ್ಸರ್ 36ಕ್ಕೆ 24 ಮಿಲಿಮೀಟರ್, ಫೋನಿನದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಜಾಗ. ಅಷ್ಟು ಚಿಕ್ಕದರಲ್ಲಿ ಇಷ್ಟು ತೆಗೆಯುವುದೇ ದೊಡ್ಡ ವಿಷಯ. ಆದರೆ ಪ್ರಿಂಟ್ ಹಾಕಿಸಿದಾಗ ಬಣ್ಣ ಬಯಲಾಯಿತು. ಪೋರ್ಟ್ರೇಟ್ ಮೋಡ್ ಹಿನ್ನೆಲೆ ಮಸುಕು ಮಾಡುವಾಗ ಅಮ್ಮ ಮುಡಿದ ಮಲ್ಲಿಗೆಯ ಅಂಚನ್ನೂ ತಿಂದುಹಾಕಿತ್ತು, ಕನ್ನಡಕದ ಒಂದು ಕಡ್ಡಿ ಅರ್ಧಕ್ಕೇ ಕರಗಿತ್ತು. ನೆರಳೇ ಇಲ್ಲದ ಮುಖ ಕಾಗದದ ಮೇಲೆ ಚಪ್ಪಟೆ. ಸ್ಟುಡಿಯೋದ ಪ್ರಿಂಟಿನಲ್ಲಿ ಅಪ್ಪನ ಒಂದು ಕೆನ್ನೆಗೆ ನೆರಳಿದೆ, ಹಣೆಯ ಗೆರೆಗಳು ಇವೆ, ಚಿಕ್ಕಂದಿನಲ್ಲಿ ಮರದಿಂದ ಬಿದ್ದ ಗಾಯದ ಗುರುತು ಇದೆ.

ಇಲ್ಲಿ ಹೋದ ವರ್ಷದ ಒಂದು ಮದುವೆಯ ಬಗ್ಗೆ ಹೇಳದಿದ್ದರೆ ನಾನ್ಯಾಕೆ ಇಷ್ಟು ಹೊಗಳುತ್ತಿದ್ದೇನೆ ಅಂತ ನಿಮಗೆ ತಿಳಿಯುವುದಿಲ್ಲ. ಚಿಕ್ಕಪ್ಪನ ಮಗಳ ಮದುವೆ, ಮುಲುಂಡ್‌ನ ಒಂದು ಹಾಲ್. ಇನ್‌ಸ್ಟಾಗ್ರಾಮಿನಲ್ಲಿ ಲಕ್ಷಕ್ಕೂ ಮೇಲೆ ಫಾಲೋವರ್ಸ್ ಇರುವ ಒಂದು ಟೀಮಿಗೆ ಕೊಟ್ಟಿದ್ದರು, ಹೆಸರು ಬೇಡ. 1,80,000 ರೂಪಾಯಿ, ಜಿಎಸ್‌ಟಿ ಬೇರೆ. ಏಳು ಹುಡುಗರು ಬಂದರು, ಎಲ್ಲ ಕರಿ ಟೀಶರ್ಟ್. ಒಬ್ಬನ ಕೆಲಸ ಫೋನಿನಲ್ಲಿ ರೀಲ್ ತೆಗೆದು ಅಲ್ಲೇ ಕೂತು ಹಾಡು ಸೇರಿಸಿ ಅಪ್‌ಲೋಡ್ ಮಾಡುವುದು ಮಾತ್ರ. ಮಾಂಗಲ್ಯ ಕಟ್ಟಿದ ಕೂಡಲೇ "ಸರ್, ಒನ್ ಮೋರ್" ಅಂದರು, ಮೊದಲನೆಯದು ಫೋಕಸ್ ಆಗಿಲ್ಲವಂತೆ. ಪುರೋಹಿತರು ತಲೆ ಎತ್ತದೆ "ತಾಳಿ ಒಂದೇ ಸಲ ಕಟ್ಟುವುದು, ನಿಮ್ಮ ಯಂತ್ರ ಸರಿ ಮಾಡಿಸಿಕೊಳ್ಳಿ" ಅಂದರು. ತಪ್ಪು ಪೂರ್ತಿ ಆ ಹುಡುಗರದೂ ಅಲ್ಲ, ಧಾರೆಯ ಹೊತ್ತಿಗೆ ನಾವು ನಲವತ್ತು ಜನ ಫೋನ್ ಎತ್ತಿ ಹಿಡಿದು ಅವರ ಮುಂದೆ ಗೋಡೆ ಕಟ್ಟಿದ್ದೆವು.

ಊಟಕ್ಕೆ ಮೊದಲು ಚಿಕ್ಕಪ್ಪ ಹೋಗಿ, ಊರಿಂದ ಬಂದ ಹಿರಿಯರನ್ನೆಲ್ಲ ಸೇರಿಸಿ ಒಂದು ಗ್ರೂಪ್ ಫೋಟೋ ತೆಗೆಯಿರಿ ಅಂತ ಕೇಳಿದರು. "ಅಂಕಲ್, ನಾವು ಕ್ಯಾಂಡಿಡ್ ಟೀಮ್" ಅಂತ ಉತ್ತರ ಬಂತು, ಅಂದರೆ ಸಾಲಾಗಿ ನಿಲ್ಲಿಸಿ ತೆಗೆಯುವುದು ಅವರ ಕೆಲಸವಲ್ಲ. ಆ ದಿನ ಬಂದವರಲ್ಲಿ ಇಬ್ಬರು ಈಗ ಇಲ್ಲ. ಅವರು ಸಾಲಾಗಿ ನಿಂತ ಫೋಟೋ ಯಾರ ಹತ್ತಿರವೂ ಇಲ್ಲ.

ರೀಲ್ ಮಾತ್ರ ಆವತ್ತು ಸಂಜೆಯೇ ಬಂತು. ಕುಮಟಾದಲ್ಲಿ ಹಾಸಿಗೆ ಹಿಡಿದ ದೊಡ್ಡಪ್ಪ ಅದನ್ನು ನೋಡಿ ಅತ್ತರಂತೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ, ಆಲ್ಬಮ್ ಆಗಿದ್ದರೆ ಅವರ ಕೈಗೆ ತಲುಪುವಾಗ ಐದು ತಿಂಗಳಾಗಿರುತ್ತಿತ್ತು. ನಮ್ಮ ಆಲ್ಬಮ್ ಬಂದದ್ದೂ ಐದು ತಿಂಗಳಿಗೇ. ಅದರಲ್ಲಿ ಅರ್ಧ ಫೋಟೋ ರೀಲ್‌ನಿಂದ ಎತ್ತಿದ್ದು, ಎಲ್ಲ ಉದ್ದುದ್ದ, ಎಲ್ಲ ಮಸುಕು. ಯಾಕೆ ಅಂತ ಈಗ ನನಗೆ ಲೆಕ್ಕ ಗೊತ್ತು. ರೀಲ್‌ನ ಅಳತೆ 1080ಕ್ಕೆ 1920 ಪಿಕ್ಸೆಲ್, ಎರಡು ಮೆಗಾಪಿಕ್ಸೆಲ್ ಆಯಿತು. ಇಂಚಿಗೆ ಅದೇ 300 ಚುಕ್ಕಿಯಂತೆ ಸರಿಯಾಗಿ ಪ್ರಿಂಟ್ ಹಾಕಿದರೆ ಮೂರೂವರೆ ಇಂಚು ಅಗಲ. ಅದನ್ನು ಒಂದಡಿ ಪುಟಕ್ಕೆ ಹಿಗ್ಗಿಸಿದ್ದರು. 2020ರಲ್ಲಿ ಟಿಕ್‌ಟಾಕ್ ನಿಂತ ಕೆಲವೇ ದಿನಕ್ಕೆ ರೀಲ್ಸ್ ನಮ್ಮ ದೇಶಕ್ಕೆ ಬಂತು, ನಾಲ್ಕೈದು ವರ್ಷದಲ್ಲಿ ಮದುವೆಯ ಕ್ಯಾಮೆರಾಗಳೆಲ್ಲ ನೆಟ್ಟಗೆ ನಿಂತುಬಿಟ್ಟವು. ಮಂಟಪ ಅಡ್ಡಕ್ಕಿದೆ, ಬಂಧುಗಳು ಅಡ್ಡಕ್ಕೆ ನಿಲ್ಲುತ್ತಾರೆ, ಫ್ರೇಮ್ ಮಾತ್ರ ಉದ್ದಕ್ಕೆ.

ಇನ್ನೂ ಒಂದು ಕಿರಿಕಿರಿ. ಹೆಣ್ಣೊಪ್ಪಿಸುವಾಗ ತಂಗಿ ಅಳುವ ರೀಲ್ ಒಂದನ್ನು ಆ ಟೀಮ್ ತಮ್ಮ ಪೇಜಿಗೆ ಹಾಕಿಕೊಂಡಿತು. ಕೆಳಗೆ ಗುರುತಿಲ್ಲದವರೆಲ್ಲ ಬಂದು ಚಿಕ್ಕಪ್ಪನ ಬೋಳುತಲೆಯ ಬಗ್ಗೆ ಬರೆದರು. ತೆಗೆಯಿರಿ ಅಂದರೆ "ಕಂಟೆಂಟ್ ನಮ್ಮದು" ಅಂದರು. ಇದನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೀವು ಹೇಳಿ, ದುಡ್ಡು ಕೊಟ್ಟು ತೆಗೆಸಿದ ಫೋಟೋ ಮತ್ತು ವಿಡಿಯೋದ ಮೊದಲ ಹಕ್ಕು ನಿಮ್ಮದೇ, ಬೇರೆ ರೀತಿ ಒಪ್ಪಂದ ಇಲ್ಲದಿದ್ದರೆ. ಆ 'ಇಲ್ಲದಿದ್ದರೆ' ಎಂಬಲ್ಲೇ ನಾವು ಸಿಕ್ಕಿಬಿದ್ದೆವು. ಕೊಟೇಶನ್ನಿನ ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಪ್ಪಂದ ಇತ್ತು, ಚಿಕ್ಕಪ್ಪ ಸಹಿ ಹಾಕಿದ್ದರು. ಮಾಟುಂಗಾದವರು ನಮ್ಮ ಅಪ್ಪನ ಫೋಟೋ ಶೋಕೇಸಿನಲ್ಲಿ ಇಡಲೇ ಅಂತ ಎರಡು ಸಲ ಕೇಳಿದರು, ಅಪ್ಪ ಬೇಡ ಅಂದದ್ದಕ್ಕೆ ಬಿಟ್ಟರು.

ಫೋಟೋ ತೆಗೆದಾದ ಮೇಲೆ ಕೂತು ಮಾತಾಡುತ್ತಿದ್ದೆವು. ಈ ಧಂಧೆ ಕಂತು ಕಂತಾಗಿ ಹೋಯಿತಂತೆ. ಮೊದಲು ಡೆವಲಪಿಂಗ್ ಪ್ರಿಂಟಿಂಗ್ ಹೋಯಿತು. ಆಮೇಲೆ ಬರ್ತ್‌ಡೇ, ನಾಮಕರಣ ಹೋದವು, ಯಾಕೆಂದರೆ ಮನೆಯಲ್ಲೇ ಒಳ್ಳೇ ಫೋನ್ ಬಂತು. ಮದುವೆಗಳು ಇನ್‌ಸ್ಟಾಗ್ರಾಮಿನ ಹುಡುಗರಿಗೆ ಹೋದವು. ಅವರ ಮೇಲೆ ಇವರಿಗೆ ಸಿಟ್ಟಿಲ್ಲ. "ನಮ್ಮ ಕಾಲದಲ್ಲಿ ಹೆಸರು ಬರಬೇಕಾದರೆ ಒಂದು ಅಂಗಡಿ ಬೇಕಿತ್ತು, ಅದನ್ನು ಹಿಡಿಯಲು ಪಗಡಿ ದುಡ್ಡು ಕೊಡಬೇಕಿತ್ತು. ಈಗ ಚಾಳಿನ ಒಂದು ಕೋಣೆಯಲ್ಲಿ ಕೂತ ಹುಡುಗನೂ ನಾಲ್ಕು ಫೋಟೋ ಹಾಕಿ ಕೆಲಸ ಹಿಡೀತಾನೆ, ಒಳ್ಳೇದೇ ಅಲ್ವಾ?" ಅಂದರು. ಬೋರಾ ಬಝಾರಿನ ಕ್ಯಾಮೆರಾ ಅಂಗಡಿಗಳಿಗೆ ಮೊದಲು ತಿಂಗಳಿಗೆರಡು ಸಲ ಹೋಗುತ್ತಿದ್ದವರು ಈಗ ವರ್ಷಕ್ಕೊಮ್ಮೆ ಹೋಗುತ್ತಾರೆ. ಜಪಾನಿನ ಕ್ಯಾಮೆರಾ ಕಂಪನಿಗಳ ಸಂಘದ ಲೆಕ್ಕದಲ್ಲಿ 2010ರಲ್ಲಿ ಜಗತ್ತಿಗೆಲ್ಲ ಹೋದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಜಾಸ್ತಿ, 2023ರಲ್ಲಿ 80 ಲಕ್ಷವೂ ಮುಟ್ಟಲಿಲ್ಲ. ಪತ್ರಿಕೆಗಳೂ ಇದೇ ದಾರಿ ಹಿಡಿದವು. 2013ರಲ್ಲಿ ಚಿಕಾಗೋ ಸನ್-ಟೈಮ್ಸ್ ತನ್ನ 28 ಫೋಟೋಗ್ರಾಫರ್‌ಗಳನ್ನೂ ಒಂದೇ ದಿನ ಮನೆಗೆ ಕಳಿಸಿ, ವರದಿಗಾರರಿಗೆ ಐಫೋನಿನಲ್ಲಿ ಫೋಟೋ ತೆಗೆಯುವ ಪಾಠ ಹೇಳಿಕೊಟ್ಟಿತು. ನಮ್ಮ ಗೇಟ್‌ವೇ ಆಫ್ ಇಂಡಿಯಾ ಮುಂದೆ ಕುತ್ತಿಗೆಗೆ ಕ್ಯಾಮೆರಾ, ಹೆಗಲಿಗೆ ಪುಟ್ಟ ಪ್ರಿಂಟರ್ ಹಾಕಿಕೊಂಡು ನಿಲ್ಲುವ ಫೋಟೋದವರನ್ನೇ ನೋಡಿ. ಅವರ ಎದುರೇ ಜನ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಇವರಿಗೆ ಈಗ ಉಳಿದ ಕೆಲಸ ಯಾವುದು ಅಂದರೆ, ಬ್ಯಾಂಕ್ ಪರೀಕ್ಷೆಯ ಅರ್ಜಿಗೆ ಫೋಟೋವನ್ನು 20ರಿಂದ 50 ಕೆಬಿ ಒಳಗೆ ಇಳಿಸಿ ಕೊಡುವುದು, ವೀಸಾ ಫೋಟೋ, ಹಳೇ ಫೋಟೋ ಸರಿಮಾಡುವುದು, ಮತ್ತೆ ಹಾರದ ಫೋಟೋ. ಕೊನೆಯದರಲ್ಲೇ ಜಾಸ್ತಿ ದುಡ್ಡು. ಕೌಂಟರಿನ ಹಿಂದೆ ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ತೆಗೆದ ಒಂದು ಕಪ್ಪುಬಿಳುಪು ಚಿತ್ರ, ಯಾವುದೋ ಪತ್ರಿಕೆಯಿಂದ ಕತ್ತರಿಸಿದ್ದು, ಅಂಟಿಸಿಕೊಂಡಿದ್ದಾರೆ. ದೊಡ್ಡವರಲ್ಲ, ಸಾಧಾರಣ ಜನ ಇರುವ ಚಿತ್ರ. ಅದರ ಬಗ್ಗೆ ಕೇಳಬೇಡಿ, ಕೇಳಿದರೆ ಅರ್ಧ ಗಂಟೆ ಹೋಯಿತು.

ಈಗ ದೂರುಗಳು. ನಾಲ್ಕು ದಿನ ಅಂದವರು ಹನ್ನೊಂದನೇ ದಿನ ಕೊಟ್ಟರು, ಅದೂ ನಾನು ಮೂರು ಸಲ ಫೋನ್ ಮಾಡಿದ ಮೇಲೆ. ಅಜ್ಜಿ ಫೋಟೋ ಬೇಗ ಕೊಟ್ಟಿದ್ದು ಸಾವಿನ ಮನೆ ಅಂತ ಮಾತ್ರ. ಮೊದಲ ಪ್ರಿಂಟಿನಲ್ಲಿ ಅಮ್ಮನ ಮುಖವನ್ನು ನಯ ಮಾಡಿಟ್ಟಿದ್ದರು. ನನಗೆ ಸಿಟ್ಟೇ ಬಂತು, ಫೋನಿನ ಬ್ಯೂಟಿ ಮೋಡ್‌ಗೆ ಬೈದದ್ದು ಇದಕ್ಕೇನಾ ಅಂದೆ. ಗಿರಾಕಿಗಳೆಲ್ಲ ಇನ್‌ಸ್ಟಾದಲ್ಲಿ ಕಾಣುವ ಹಾಗೆ ಮಾಡಿ ಅಂತಾರಮ್ಮ, ಕೈಗೆ ಅಭ್ಯಾಸವಾಗಿಬಿಟ್ಟಿದೆ ಅಂದು, ಮತ್ತೆ ಹಾಕಿಕೊಟ್ಟರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ದೊಡ್ಡ ಫೈಲ್ ಕೊಡಲು ಹಿಂದೆಮುಂದೆ ನೋಡುತ್ತಾರೆ, ಕೊನೆಗೆ 500 ಜಾಸ್ತಿ ತೆಗೆದುಕೊಂಡು ಪೆನ್ ಡ್ರೈವಿಗೆ ಹಾಕಿಕೊಟ್ಟರು. ಬಿಲ್ ಕೇಳಿದರೆ ಚೀಟಿ.

ಎಲ್ಲಕ್ಕಿಂತ ದೊಡ್ಡ ದೂರು ಫ್ರೇಮಿನದು. ಅಜ್ಜಿಯ ಫ್ರೇಮಿಗೆ ಹಿಂದೆ ಹಾಕಿದ ಹಲಗೆ ತೆಳು, ಗಾಜು ನೇರ ಪ್ರಿಂಟಿಗೆ ತಾಗಿಕೊಂಡಿದೆ. ಮುಂಬೈ ಮಳೆಗಾಲ ಗೊತ್ತಲ್ಲ. ಆಗಸ್ಟ್ ಮುಗಿಯುವಷ್ಟರಲ್ಲಿ ಒಂದು ಮೂಲೆ ಗಾಜಿಗೆ ಅಂಟಿ ಕಲೆ ಬಿತ್ತು. ಪ್ರಿಂಟ್ ಇವರಲ್ಲಿ ಹಾಕಿಸಿ, ಫ್ರೇಮ್ ಬೇರೆ ಕಡೆ ಕಟ್ಟಿಸಿ, ನಡುವೆ ದಪ್ಪ ಕಾಗದದ ಅಂಚು ಇಡಲು ಹೇಳಿ, ಆಗ ಗಾಜು ಚಿತ್ರಕ್ಕೆ ತಾಗುವುದಿಲ್ಲ.

ಇಬ್ಬರ ಫೋಟೋಗೆ ಒಟ್ಟು 2,500 ಆಯಿತು, ಸರಿಮಾಡಿದ ಮೂರು ಚಿತ್ರ, 8ಕ್ಕೆ 12 ಇಂಚಿನ ಎರಡು ಪ್ರಿಂಟ್. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ. ಫ್ರೇಮ್ ಸೇರಿಸಿದರೆ ಮೂರು.

ಹೋಗುವುದಾದರೆ ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆ ಬಾಗಿಲು ಮುಚ್ಚಿರುತ್ತದೆ, ಊಟ ಮತ್ತು ನಿದ್ದೆ. ಹೊರಗೆ ಎರಡು ಎತ್ತರದ ಮೆಟ್ಟಿಲಿದೆ, ಮಂಡಿ ನೋವಿನವರಿಗೆ ಕೈ ಹಿಡಿಯಬೇಕು. ಹಳೇ ಪ್ರಿಂಟ್ ಇದ್ದರೆ ಆಲ್ಬಮ್ಮಿನಿಂದ ನೀವೇ ಕಿತ್ತು ತರಬೇಡಿ, ಆಲ್ಬಮ್ ಸಮೇತ ಒಯ್ಯಿರಿ, ಅವರು ಬಿಡಿಸುತ್ತಾರೆ. ಅಡಿಕೆ ವಿಷಯ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ನಿಮಗೆ ಬೇರೆ ಏನೋ ಒಂದು ಕೇಳುತ್ತಾರೆ.

ಅಮ್ಮ ತನ್ನ ಫೋಟೋವನ್ನು ಹಳೇ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಾಳೆ, ಗೋಡೆಗೆ ಹಾಕಲು ಬಿಡಲಿಲ್ಲ. ಅಪ್ಪ ತಮ್ಮದನ್ನು ಟಿವಿ ಪಕ್ಕ ನಿಲ್ಲಿಸಿಕೊಂಡರು. ಎರಡು ದಿನ ಆದಮೇಲೆ ಫ್ರೇಮಿನ ಎದುರು ಫೋನ್ ಹಿಡಿದು ಅದರದೇ ಒಂದು ಫೋಟೋ ಹೊಡೆದು ವಾಟ್ಸಾಪ್ ಡಿಪಿ ಮಾಡಿಕೊಂಡಿದ್ದಾರೆ. ದೊಡ್ಡ ಫೈಲ್ ನನ್ನ ಹತ್ತಿರ ಇದೆ, ಕಳಿಸುತ್ತೇನೆ ಅಂದರೆ ಬೇಡವಂತೆ. ಹಣೆಯ ಮೇಲೆ ಅಡ್ಡಡ್ಡ ಟ್ಯೂಬ್‌ಲೈಟ್ ಕಾಣುತ್ತದೆ.